‘ಗುರುವನ್ನು ಮೀರಿದ ಶಿಷ್ಯ’: ಇದು ಹೊಗಳಿಕೆಯಾ, ಬೈಗುಳವಾ?

ಚಿತ್ತಾಪುರದವ:
ಎಲ್ಲರಿಗೂ ನಮಸ್ಕಾರ್ರಿ. ಒಂದು ಅರ್ಜೆಂಟ್ ಪ್ರಶ್ನೆ. ಬರುವ ರವಿವಾರ ನಮ್ಮ ಹಳೇ ಕನ್ನಡ ಮಾಸ್ತರರ ಬೀಳ್ಕೊಡುಗೆ ಇದೆ. ಅವರ ಕೈಯಲ್ಲೇ ಕಲಿತ ಹುಡುಗನೊಬ್ಬ ಈಗ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾನೆ, ಅವನಿಗೂ ಅದೇ ದಿನ ಸನ್ಮಾನ. ಫ್ಲೆಕ್ಸ್ ಮಾಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಹುರುಪಿನಲ್ಲಿ ‘ಗುರುವನ್ನು ಮೀರಿದ ಶಿಷ್ಯ’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿಸಿಬಿಟ್ಟೆ. 6 ಅಡಿ 4 ಅಡಿಯದು. ಮನೆಗೆ ತಂದು ಅಂಗಳದಲ್ಲಿ ಬಿಚ್ಚಿದೆ. ನಮ್ಮ ಕಾಕಾ ಚಹಾ ಕುಡಿಯುತ್ತ ಕೂತಿದ್ದರು. ಓದಿ, ಕಪ್ಪು ಕೆಳಗಿಟ್ಟು, "ಏನಪಾ, ಆ ಹುಡುಗ ಮಾಸ್ತರಗ ಏನರೆ ತಿರುಗಿ ಅಂದಾನೇನು?" ಅಂದರು. ಇಲ್ಲ ಕಾಕಾ, ಹೊಗಳಿದ್ದು ಅಂದೆ. "ಮೀರ್ಯಾನ ಅಂದ್ರ ಮಾತ ಕೇಳಂಗಿಲ್ಲ ಅಂತ. ಹಿರ್ಯಾರ ಕಾರ್ಯಕ್ರಮದಾಗ ಇದು ಕಟ್ಟಬ್ಯಾಡ" ಅಂದರು.

ನನಗೆ ಗೊತ್ತಿರುವ ಹಾಗೆ ಮೀರು ಅಂದರೆ ಮುಂದೆ ಹೋಗು, ಅಷ್ಟೇ. ಯಾರು ಸರಿ? ಬೇಗ ಹೇಳಿ, ಮತ್ತೆ ಮಾಡಿಸಬೇಕಾದರೆ ಫ್ಲೆಕ್ಸ್ ಅಂಗಡಿಯವ ಮತ್ತೆ ದುಡ್ಡು ಕೇಳುತ್ತಾನೆ.

ಖಡಕ್ ರೊಟ್ಟಿ:
ಕಾಕಾ ಹೇಳಿದ್ದೇ ಸರಿ ತಮ್ಮಾ. ‘ಮೀರಿಸಿದ’ ಅಂತ ಬರೆಸಬೇಕಿತ್ತು. ಒಂದು ‘ಸಿ’ ಬಿಟ್ಟು ಇಡೀ ಫ್ಲೆಕ್ಸ್ ಹಾಳು ಮಾಡಿಕೊಂಡೆ. ನಮ್ಮ ಮನೆಯಲ್ಲಿ "ಮಗ ಅಪ್ಪನ್ನ ಮೀರ್ಯಾನ" ಅಂದರೆ ಅವತ್ತು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲ್ಲ. "ಅಪ್ಪನ್ನ ಮೀರಿಸ್ಯಾನ" ಅಂದರೆ ಪೇಢೆ ಹಂಚುತ್ತಾರೆ.

ಚಿತ್ತಾಪುರದವ:
ಅದೇ ನನಗೆ ತಲೆಗೆ ಹೋಗುತ್ತಿಲ್ಲ ಅಕ್ಕಾ. ಓಡು ಅಂದರೆ ತಾನು ಓಡೋದು, ಓಡಿಸು ಅಂದರೆ ಬೇರೆಯವರನ್ನ ಓಡುವಂತೆ ಮಾಡೋದು. ಹಾಗೆ ನೋಡಿದರೆ ಗುರುವನ್ನ ಮೀರಿಸಿದ ಅಂದರೆ ಗುರುವೇ ಏನೋ ಮೀರುವಂತೆ ಮಾಡಿದ ಅಂತ ಆಗಬೇಕಲ್ವಾ? ಪಾಪ, ನಮ್ಮ ಮಾಸ್ತರು ಈ ವಯಸ್ಸಿನಲ್ಲಿ ಏನನ್ನ ಮೀರಬೇಕು.

ನಿವೃತ್ತ ಮಾಸ್ತರ:
ನಾನೂ ಇದೇ ಕಸುಬಿನವ, ಇದೇ ಭಾಗದವ, ಆದರೆ ನಿಮ್ಮ ಫ್ಲೆಕ್ಸಿನ ಮಾಸ್ತರ ಅಲ್ಲ, ಹೆದರಬೇಡಿ. ವರ್ಷಗಟ್ಟಲೆ ಪಾಠ ಮಾಡಿದೆ, ಒಬ್ಬ ಹುಡುಗನೂ ಈ ಪ್ರಶ್ನೆ ಕೇಳಿರಲಿಲ್ಲ.

ಕ್ರಿಯಾಪದಕ್ಕೆ ‘ಇಸು’ ಹತ್ತಿದರೆ ಸಾಮಾನ್ಯವಾಗಿ ಮಾಡಿಸುವ ಅರ್ಥ ಬರುತ್ತದೆ, ನಿಜ. ಓದು, ಓದಿಸು. ದಾಟು, ದಾಟಿಸು. ಅಜ್ಜಿಯ ಕೈ ಹಿಡಿದು ರಸ್ತೆ ದಾಟಿಸಿದೆ ಅಂದರೆ ದಾಟಿದವಳು ಅಜ್ಜಿ. ಆದರೆ ‘ಮೀರಿಸು’ ಈ ಸಾಲಿನಲ್ಲಿ ಕೂರಲ್ಲ. ಅಲ್ಲಿ ಮುಂದೆ ಹೋದವನು ಶಿಷ್ಯನೇ. ಇಬ್ಬರನ್ನ ಅಕ್ಕಪಕ್ಕ ನಿಲ್ಲಿಸಿ ಒಬ್ಬನ ತೂಕ ಜಾಸ್ತಿ ಅಂತ ಹೇಳೋ ಪದ ಅದು. ಹಾಗಾಗಿ ಮೀರಿಸೋಕೆ ಎದುರಿಗೆ ಇನ್ನೊಬ್ಬ ಬೇಕು, ಅಥವಾ ಅವನ ಕೆಲಸ ಬೇಕು. ಅಣ್ಣನನ್ನ ಮೀರಿಸಿದಳು, ಹೋದ ವರ್ಷದ ಜಾತ್ರೆಯನ್ನ ಮೀರಿಸಿತು. ನಿಯಮವನ್ನ ಮೀರಿಸಿದ ಅಂತ ಯಾರಾದರೂ ಅಂತಾರಾ? ಎಲ್ಲೆ ಮೀರಿಸಿದ? ಇಲ್ಲ. ಅವನ್ನ ಮೀರಬಹುದು ಅಷ್ಟೇ.

ಮೀರೋಕೆ ಬೇಕಾದದ್ದು ಒಂದು ಗೆರೆ. ಗುರುವನ್ನು ಮೀರಿದ ಅಂದ ತಕ್ಷಣ ಗುರುವೇ ಆ ಗೆರೆ ಆಗಿ ಅಡ್ಡ ಮಲಗಿಬಿಡುತ್ತಾನೆ. ಗೆರೆ ಮೀರಿದವನಿಗೆ ನಾವು ಏನಂತೇವೆ? ನಿಮ್ಮ ಕಾಕಾನ ಕಿವಿಗೆ ಅದೇ ಕೇಳಿಸಿದ್ದು.

ಇನ್ನೊಂದು ಮಾತು. ಹಳಗನ್ನಡದಲ್ಲಿ ಇದು ‘ಮೀಱು’. ಶಕಟರೇಫ ಅಂತೇವಲ್ಲ, ಗಾಡಿ ಗಾಲಿಯಂಥ ಆ ‘ಱ’. ಆರು ಅನ್ನೋ ಸಂಖ್ಯೆ, ಅರಿ ಅಂದರೆ ತಿಳಿ ಅನ್ನೋ ಪದ, ಇವೂ ಮೊದಲು ಆ ಅಕ್ಷರದಲ್ಲೇ ಇದ್ದವು. ಆಮೇಲೆ ಎಲ್ಲ ರ ಒಂದೇ ಆಯಿತು. ತಮಿಳಲ್ಲೂ ತೆಲುಗಲ್ಲೂ ಈ ಪದ ಇದೇ ಅರ್ಥದಲ್ಲಿ ಇದೆ, ಸಂಸ್ಕೃತದಿಂದ ಬಂದದ್ದಲ್ಲ.

ಗುರುಮಠಕಲ್ ಹುಡುಗ:
ಮಾಸ್ತರ್ರೇ, ತೆಲುಗಿನ ಮಾತು ಬಂತಲ್ಲ, ಒಂದು ಹೇಳುತ್ತೇನೆ. ನಮ್ಮ ಕಡೆ ಮನೆಯಲ್ಲಿ ತೆಲುಗು, ಸಾಲಿಯಲ್ಲಿ ಕನ್ನಡ. ತೆಲುಗಿನಲ್ಲಿ ‘ಮೀರು’ ಅಂದರೆ ‘ನೀವು’. ಚಿಕ್ಕವನಿದ್ದಾಗ ಸಾಲಿಯಲ್ಲಿ ಸರ್ "ಯಾರೂ ಗೆರೆ ಮೀರಬಾರದು" ಅಂದರೆ ನನಗೆ ಗೆರೆಗೂ ನನಗೂ ಏನು ಸಂಬಂಧ ಅಂತ ಗೊತ್ತೇ ಆಗುತ್ತಿರಲಿಲ್ಲ. ಮಿತಿಮೀರಿ ಅನ್ನೋದು ಮಾತ್ರ ಎರಡೂ ಕಡೆ ಒಂದೇ, ಮನೆಯಲ್ಲಿ ಅವ್ವ ಅದನ್ನ ದಿನಕ್ಕೆ 10 ಸಲ ಅನ್ನುತ್ತಿದ್ದಳು.

ನಿವೃತ್ತ ಮಾಸ್ತರ:
ಹಳೇ ತೆಲುಗು ಬರವಣಿಗೆಯಲ್ಲಿ ಆ ಗೊಂದಲ ಇರಲಿಲ್ಲ ನೋಡಪ್ಪ. ನೀವು ಅನ್ನೋ ಮೀರುಗೆ ಸಾದಾ ರ, ಮೀರೋ ಮೀರುಗೆ ಶಕಟರೇಫ. ಅಕ್ಷರ ಹೋಯಿತು, ನಿನ್ನ ಗೊಂದಲ ಬಂತು.

ಬಾಂದು ಕಲ್ಲು:
ನಾನು ಜಮೀನು ಅಳತೆ ಕೆಲಸದಲ್ಲಿ ಇದ್ದವನು. ಹೊಲದ ಬದುವಿನ ಮೇಲೆ ದಿನಾ ಈ ಪದ ಕೇಳಿ ಕೇಳಿ ಕಿವಿ ಮರಗಟ್ಟಿದೆ. "ಅವ ಹದ್ದ ಮೀರ್ಯಾನ ನೋಡ್ರಿ ಸಾಹೇಬ್ರ." ಅಣ್ಣ ತಮ್ಮಂದಿರೇ ಇಬ್ಬರೂ ಇದನ್ನೇ ಅನ್ನುತ್ತಾರೆ, ಇಬ್ಬರೂ ಎದುರಿನವನ ಕಡೆ ಕೈ ಮಾಡಿ.

ತುಂಬಾ ಜನ ಈ ‘ಹದ್ದು’ ಅಂದರೆ ಮೇಲೆ ಹಾರೋ ಹಕ್ಕಿ ಅಂದುಕೊಂಡಿದ್ದಾರೆ. ಅಲ್ಲ. ಇದು ಅರಬ್ಬಿಯಿಂದ ಪಾರ್ಸಿ, ಉರ್ದು ದಾಟಿ ಬಂದ ‘ಹದ್’, ಅಂದರೆ ಗಡಿ. ಸರಹದ್ದು ಅದರದ್ದೇ ಸಂಬಂಧಿ. ಅಳತೆ ಮಾಡಿ ಗಡಿ ಗುರುತಿಸಿಕೊಡಿ ಅಂತ ಕೊಡುವ ಅರ್ಜಿಗೆ ಇವತ್ತಿಗೂ ಹದ್ದುಬಸ್ತು ಅಂತಲೇ ಹೆಸರು, ನಮ್ಮ ಕಡೆ ಮಾತ್ರ ಅಲ್ಲ, ರಾಜ್ಯದ ತುಂಬ. ಬೀದರ, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆ 1948ರವರೆಗೆ ನಿಜಾಮರ ಕೈಯಲ್ಲಿ ಇದ್ದದ್ದು, ದಫ್ತರದ ಭಾಷೆ ಉರ್ದು, ಹಾಗಾಗಿ ನಮ್ಮವರ ಬಾಯಲ್ಲಿ ಎಲ್ಲೆ ಅನ್ನೋದಕ್ಕಿಂತ ಹದ್ದು ಅನ್ನೋದೇ ಸಲೀಸು.

ಒಂದು ಸಲ ಹೀಗಾಯಿತು. ಬೇಸಿಗೆ, ಮಟ ಮಟ ಮಧ್ಯಾಹ್ನ. ಎರಡು ಮನೆಯವರ ಜಗಳ. ಒಬ್ಬ ಬದು ಒತ್ತಿ ಒತ್ತಿ ನೇಗಿಲು ಹೊಡೆದಿದ್ದ. ಅಳೆದರೆ ಒತ್ತಿದ್ದು ಅರ್ಧ ಗುಂಟೆಯೂ ಇಲ್ಲ. ಒಂದು ಗುಂಟೆ ಅಂದರೆ 33 ಅಡಿ ಉದ್ದ 33 ಅಡಿ ಅಗಲ, ಅಂಥ 40 ಗುಂಟೆಗೆ ಒಂದು ಎಕರೆ, ಲೆಕ್ಕ ಹಾಕಿ ಎಷ್ಟು ಸಣ್ಣದು ಅಂತ. ನೆಲ ಕೆದರಿದಾಗ ಹಳೇ ಬಾಂದು ಕಲ್ಲು ಸಿಕ್ಕಿತು, ಒಂದು ಮೊಳ ಆಳದಲ್ಲಿ. ಒತ್ತಿದವನು ಏನಂದ ಗೊತ್ತಾ? "ನಾ ಎಲ್ಲಿ ಮೀರೀನ್ರಿ, ಕಲ್ಲು ಕಾಣಿಸಿರಲಿಲ್ಲ." ನನಗೆ ಅದು ಇನ್ನೂ ನೆನಪಿದೆ. ಒತ್ತುವರಿ ಅಂತ ಬರೆದರೆ ಸಹಿ ಹಾಕುತ್ತೇನೆ ಅಂದ, ಹದ್ದು ಮೀರಿದ್ದಾನೆ ಅಂತ ಬರೆದರೆ ಹಾಕಲ್ಲ ಅಂದ. ಗೊತ್ತಿದ್ದೂ ಹೋದರೆ ಮಾತ್ರ ಮೀರಿದ ಹಾಗೆ ಅನ್ನೋದು ಅವನ ಲೆಕ್ಕ.

ಖಡಕ್ ರೊಟ್ಟಿ:
ಅಯ್ಯೋ, ನಾನು ಇಷ್ಟು ವರ್ಷ ಹಕ್ಕಿ ಅಂತಲೇ ತಿಳಿದಿದ್ದೆ! ಹದ್ದು ಹಾರುವಷ್ಟು ಎತ್ತರ ಮೀರಿ ಹೋದ ಅಂತ ನನ್ನಷ್ಟಕ್ಕೆ ಅರ್ಥ ಕಟ್ಟಿಕೊಂಡಿದ್ದೆ.

ನಿವೃತ್ತ ಮಾಸ್ತರ:
ಹಕ್ಕಿ ಹದ್ದು ಬೇರೆ ಬೇರಿನದು ತಾಯಿ. ಹಳಗನ್ನಡದ ಪರ್ದು, ಪ ಹೋಗಿ ಹ ಆದಾಗ ಹದ್ದು ಆಯಿತು, ಪಾಲು ಹಾಲು ಆದ ಹಾಗೆ. ಎರಡೂ ಬಂದು ಒಂದೇ ಗೂಟಕ್ಕೆ ಕೂತಿವೆ.

ಬಿದರಿ:
ಬೀದರದಲ್ಲಿ ಮಾರ್ಕೆಟ್‌ನಲ್ಲಿ ನಿಂತರೆ ಮೂರೂ ಕೇಳಿಸುತ್ತದೆ. ಉರ್ದುನಲ್ಲಿ "ಹದ್ ಹೋಗಯೀ", ಮರಾಠಿಯಲ್ಲಿ "ಹದ್ದ ಝಾಲಿ", ಕನ್ನಡದಲ್ಲಿ "ಹದ್ದ ಮೀರ್ತು". ಆದರೆ ಗಮನಿಸಿ, ಮೊದಲ ಎರಡರಲ್ಲಿ ಹದ್ದು ಬಂತು ಅಂದರೇ ಸಾಕು. ಕನ್ನಡದವರಿಗೆ ಮಾತ್ರ ಅದನ್ನ ಮೀರಲೇಬೇಕು. ನಾವು ಒಂದು ಹೆಜ್ಜೆ ಮುಂದೆ.

ಭೀಮಾ ದಂಡೆ:
ದಾಟುಗೂ ಮೀರುಗೂ ವ್ಯತ್ಯಾಸ ಯಾರೂ ಹೇಳಲಿಲ್ಲ. ಹೊಳೆ ದಾಟಬಹುದು, ಹೊಸಿಲು ದಾಟಬಹುದು, ಹೊಳೆ ಮೀರೋಕೆ ಆಗಲ್ಲ. ಕಾಲಿಂದ ಹೋಗೋದು ದಾಟು. ಬಿಸಿಲು 42 ಡಿಗ್ರಿ ದಾಟಿತು ಅಂದರೆ ಬರೀ ಲೆಕ್ಕ, ಕಲಬುರಗಿಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಅದು ಸುದ್ದಿಯೇ ಅಲ್ಲ. ಬಿಸಿಲು ಮಿತಿ ಮೀರಿತು ಅಂದರೆ ಆಗ ಮುಖ ಒರೆಸಿಕೊಳ್ಳುತ್ತಾರೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ಬಂದದ್ದು ನಿಮಗೆಲ್ಲ ನೆನಪಿರಬೇಕು. ಮೇಲಿಂದ ಮಹಾರಾಷ್ಟ್ರದ ಉಜನಿ ಡ್ಯಾಮಿನ ನೀರು, ಇಲ್ಲಿ ಸೊನ್ನ ಬ್ಯಾರೇಜ್ ತುಂಬಿ, ದಂಡೆಯ ಊರೆಲ್ಲ ನೀರು. ಟಿವಿಯಲ್ಲಿ ಇಡೀ ದಿನ "ಅಪಾಯದ ಮಟ್ಟ ಮೀರಿ ಹರಿಯುತ್ತಿರುವ ಭೀಮೆ". ನಮ್ಮ ಅಜ್ಜಿ ಒಂದು ಸಲವೂ ಮೀರಿದೆ ಅನ್ನಲಿಲ್ಲ. "ಹೊಳಿ ದಂಡಿ ಬಿಟ್ಟದ" ಅಂದಳು, ಅಷ್ಟೇ. ರೊಟ್ಟಿ ಬುಟ್ಟಿ, ಎರಡು ಕೌದಿ, ಮೇಕೆ ಹಗ್ಗ ಹಿಡಿದುಕೊಂಡು ಎತ್ತರದ ಗುಡಿಗೆ ಹೋಗಿ ಕೂತಳು. ನಾನು ಕೇಳಿದೆ, ಅಜ್ಜಿ ಮೀರ್ಯದ ಅನ್ನಬಾರದೇನು ಅಂತ. "ಅದೇನು ನಮ್ಮ ಮಾತ ಕೇಳತಿತ್ತೇನು ಮೊದಲ, ಈಗ ಮೀರಾಕ?" ಅಂದಳು. ಅಳತೆ ಪಟ್ಟಿ ಬರೆದ ಕಂಬ ನೋಡುವವರಿಗೆ ನೀರು ಮೀರುತ್ತದೆ, ನಮ್ಮ ಅಜ್ಜಿಗೆ ಅದು ಬರೀ ಬರುತ್ತದೆ.

ಚಿತ್ತಾಪುರದವ:
ಅಜ್ಜಿಗೆ ನಮಸ್ಕಾರ ಹೇಳಿ ಅಣ್ಣಾ. ಆದರೆ ಒಂದು ಅನುಮಾನ ಇನ್ನೂ ಉಳಿದಿದೆ. ‘ಕಾನೂನಿಗೆ ಮೀರಿದವರು ಯಾರೂ ಇಲ್ಲ’ ಅಂತಾರೆ, ‘ಮಾತಿಗೆ ಮೀರಿದ ಚೆಲುವು’ ಅಂತಾರೆ. ಅಲ್ಲಿ ಬೈಗುಳ ಎಲ್ಲಿದೆ? ‘ಗುರುವಿಗೆ ಮೀರಿದ’ ಅಂತ ಮಾಡಿದರೆ ನಡೆಯುತ್ತಾ? ಆ ‘ವನ್ನು’ ಮೇಲೆ ‘ವಿಗೆ’ ಅಂತ ಸ್ಟಿಕ್ಕರ್ ಹಚ್ಚಿದರೆ ಆಯಿತು.

ನಿವೃತ್ತ ಮಾಸ್ತರ:
ನೀನು ದುಡ್ಡು ಉಳಿಸೋ ಭರದಲ್ಲಿ ಒಳ್ಳೆ ವ್ಯಾಕರಣ ಹಿಡಿದೆ ನೋಡು.

ಜೋಡಿ ಮಾಡಿ ನೋಡು. ಮಾತು ಮೀರಿದ ಹುಡುಗ ಅಂದರೆ ಹೇಳಿದ್ದು ಕೇಳದವನು. ಮಾತಿಗೆ ಮೀರಿದ ಚೆಲುವು ಅಂದರೆ ಹೇಳೋಕೇ ಬಾರದ್ದು. ಕಾನೂನನ್ನು ಮೀರಿದವರು ಅಂದರೆ ತಪ್ಪು ಮಾಡಿದವರು, ಅಂಥವರು ಬೇಕಾದಷ್ಟು ಇದ್ದಾರೆ. ಕಾನೂನಿಗೆ ಮೀರಿದವರು ಅಂದರೆ ಕಾನೂನೇ ಮುಟ್ಟದಷ್ಟು ಎತ್ತರದವರು, ಅಂಥವರು ಇಲ್ಲ ಅಂತ ಭಾಷಣದಲ್ಲಿ ಹೇಳುತ್ತಾರೆ. ‘ಅನ್ನು’ ಬಂದರೆ ಗೆರೆ ತುಳಿದು ಹೋದದ್ದು. ‘ಗೆ’ ಬಂದರೆ ಗೆರೆಯ ಕೈಗೇ ಸಿಗದ್ದು. ಶಕ್ತಿಗೆ ಮೀರಿದ ಖರ್ಚು, ಊಹೆಗೂ ಮೀರಿದ ಮಳೆ, ಎಲ್ಲ ಹಾಗೇ. ಎಲ್ಲ ಕಡೆ ಇದು ಗೆರೆ ಕೊರೆದ ಹಾಗೆ ನಡೆಯಲ್ಲ, ಊಹೆ ಮೀರಿದ ಅಂತಲೂ ಬರೆಯುತ್ತಾರೆ, ಆದರೆ ಕಾನೂನು, ಮಾತು ಈ ಎರಡರಲ್ಲಿ ವ್ಯತ್ಯಾಸ ಸ್ಪಷ್ಟ.

ಬಿದರಿ:
ಸರ್, ನಿಮ್ಮ ಈ ಲೆಕ್ಕ ಪುಸ್ತಕದಲ್ಲಿ ಸರಿ. ನಮ್ಮ ಮೂರು ಜಿಲ್ಲೆಯಲ್ಲಿ ಕೆಡುತ್ತದೆ. ಬೆಂಗಳೂರಿನವರು ‘ಅವನನ್ನ ಕರಿ’ ಅಂತಾರೆ, ನಾವು ‘ಅವನಿಗೆ ಕರಿ’ ಅಂತೇವೆ. ಅವರು ‘ನಿನ್ನನ್ನ ನೋಡಿದೆ’, ನಾವು ‘ನಿನಗ ನೋಡಿದೆ’. ಉರ್ದುನ ‘ಕೋ’, ಮರಾಠಿಯ ‘ಲಾ’ ನಮ್ಮ ‘ಅನ್ನು’, ‘ಗೆ’ ಎರಡಕ್ಕೂ ಒಂದೇ ಅಲ್ವಾ, ಅದರ ಜೊತೆ ಇದ್ದು ಇದ್ದು ನಮಗೂ ಹಾಗೇ ಆಗಿದೆ. ಹಾಗಾಗಿ ‘ಮಾಸ್ತರಗ ಮೀರ್ಯಾನ’ ಅಂತ ಬರೆದರೂ ಕಾಕಾ ಅದನ್ನ ‘ಮಾಸ್ತರನ್ನ ಮೀರ್ಯಾನ’ ಅಂತಲೇ ಕೇಳುತ್ತಾರೆ. ಕಪ್ಪು ಮತ್ತೆ ಕೆಳಗೆ.

ನಿವೃತ್ತ ಮಾಸ್ತರ:
ಒಪ್ಪಿದೆ. ಇದು ನನಗೆ ಹೊಳೆದಿರಲಿಲ್ಲ. ಚಪ್ಪಾಳೆ.

ಗುಳಿಗಿ ಅಂಗಡಿ:
ನನ್ನದೂ ಒಂದು. ‘ಅವಧಿ ಮೀರಿದ ಗುಳಿಗೆ’ ಅಂತ ಬರೀತೇವೆ. ಬಾಯಲ್ಲಿ ಎಲ್ಲರೂ ‘ಡೇಟ್ ಬಾರ್’ ಅನ್ನೋದು, ಅದು ಬಿಡಿ. ಇಲ್ಲಿ ಮೀರಿದ್ದು ಯಾರು? ಗುಳಿಗೆ ಅವಧಿಯನ್ನ ಮೀರಿತಾ, ಅವಧಿಯೇ ಮೀರಿತಾ?

ನಿವೃತ್ತ ಮಾಸ್ತರ:
ತಿರುಗಿಸಿ ಹೇಳಿ ನೋಡಿ. ‘ಗುಳಿಗೆಯ ಅವಧಿ ಮೀರಿದೆ’ ಅಂತ ಎಲ್ಲರೂ ಅಂತಾರೆ. ‘ಗುಳಿಗೆ ಅವಧಿಯನ್ನ ಮೀರಿದೆ’ ಅಂದರೆ ಗುಳಿಗೆ ಡಬ್ಬಿಯಿಂದ ಎದ್ದು ಓಡಿದ ಹಾಗೆ ಕೇಳಿಸುತ್ತದೆ. ಅಂದರೆ ಮೀರಿದ್ದು ಅವಧಿ. ಹೊತ್ತು, ದಿನ, ಮುಹೂರ್ತ, ವಯಸ್ಸು, ಕಾಲಕ್ಕೆ ಸಂಬಂಧಪಟ್ಟವೆಲ್ಲ ಹೀಗೇ ತಾವಾಗಿಯೇ ಮೀರುತ್ತವೆ. ಯಾರ ತಪ್ಪೂ ಇಲ್ಲ.

ಎರಡನೇ ಪಾಳಿ:
ಯಾರ ತಪ್ಪೂ ಇಲ್ಲ ಅಂತ ಹೇಳಬೇಡಿ ಸರ್. ನಾನು ಆಸ್ಪತ್ರೆಯಲ್ಲಿ ನರ್ಸ್. ಬಸುರಿಗೆ ‘ದಿನ ಮೀರಿದೆ’ ಅಂತ ಡಾಕ್ಟರ್ ಅಂದರೆ ಅದು ಬರೀ ಲೆಕ್ಕ. ಅದೇ ಮಾತನ್ನ ಅತ್ತೆ ವರಾಂಡದಲ್ಲಿ ಅಂದರೆ ಸೊಸೆ ಏನೋ ಮಾಡಿದ್ದಾಳೆ ಅನ್ನೋ ಹಾಗೆ ಇರುತ್ತದೆ.

ಇನ್ನು ವಯಸ್ಸು. ನೇಮಕಾತಿ ನೋಟಿಸಿನಲ್ಲಿ ‘ವಯೋಮಿತಿ’ ಅಂತ ಇರುತ್ತದೆ, ಎಷ್ಟು ಅಂತ ಸಂಖ್ಯೆ ಹಾಕಿರುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಅಂತ ಇರುವ 371ಜೆ ಮೀಸಲಾತಿ ಸಿಗುತ್ತದೆ ಅಂತ ನಾನೂ ಎರಡು ಮೂರು ಸಲ ಅರ್ಜಿ ಹಾಕಿದೆ, ಆಮೇಲೆ ಮಿತಿ ಮೀರಿತು, ಸುಮ್ಮನಾದೆ. ಬೇಜಾರಾಯಿತು, ಸಿಟ್ಟು ಬರಲಿಲ್ಲ. ಯಾಕಂದರೆ ಗೆರೆ ಮೊದಲೇ ಬರೆದಿತ್ತು. ನಮ್ಮ ಕಾಕಿ ಇದ್ದಾಳೆ, ಯಾವ ಮದುವೆಗೆ ಹೋದರೂ ನನ್ನ ತೋರಿಸಿ "ವಯಸ್ಸ ಮೀರ್ಯದ ಹುಡಿಗಿಗಿ" ಅಂತಾಳೆ. ಯಾವ ಗೆರೆ ಕಾಕಿ, ಎಷ್ಟಕ್ಕೆ ಎಳೆದಿದ್ದು, ಯಾರು ಎಳೆದಿದ್ದು ಅಂತ ಕೇಳಿದೆ ಒಂದು ಸಲ. "ನೋಡ್ರಿ, ಮಾತೂ ಮೀರ್ತಾಳ" ಅಂದಳು. ಎರಡೂ ಮೀರಿದವಳು ನಾನು.

ಖಡಕ್ ರೊಟ್ಟಿ:
ತಂಗಿ, ನಿನ್ನ ಕಾಕಿಯನ್ನ ಮೀರಿಸೋರು ಯಾರೂ ಇಲ್ಲ ಬಿಡು.

ತೊಗರಿ ಚೀಲ:
ಇಷ್ಟೆಲ್ಲ ಯಾಕೆ, ‘ಉಲ್ಲಂಘಿಸು’ ಅಂತ ಒಳ್ಳೆ ಪದ ಇದೆಯಲ್ಲ. ನೋಟಿಸು, ಪೇಪರು ಎಲ್ಲ ಕಡೆ ಅದೇ.

ಬಾಂದು ಕಲ್ಲು:
ಅದನ್ನ ಬಾಯಲ್ಲಿ ಯಾರು ಅಂತಾರೆ ಅಣ್ಣಾ? ನೋಟಿಸಿಗೆ ಅದು ಯಾಕೆ ಬೇಕು ಅಂದರೆ, ಮೀರು ಅನ್ನೋದಕ್ಕೆ ಹೆಸರು ಮಾಡೋಕೆ ಕಷ್ಟ. ‘ನಿಯಮ ಮೀರುವಿಕೆ’ ಅಂದರೆ ನಾಲಗೆ ತೊಡರುತ್ತದೆ, ‘ನಿಯಮ ಉಲ್ಲಂಘನೆ’ ಅಂದರೆ ದಂಡ ಬೀಳುತ್ತದೆ. ಹೊಲದ ವಿಷಯಕ್ಕೆ ‘ಅತಿಕ್ರಮಣ’ ಅಂತ ಇನ್ನೊಂದು ಇದೆ, ಅದನ್ನ ಓದಿ ಹೇಳಿದಾಗ ರೈತ ನನ್ನ ಮುಖ ನೋಡುತ್ತಾನೆ. ಒತ್ತ್ಯಾನ ಅಂದರೆ ತಿಳಿಯುತ್ತದೆ.

ತೊಗರಿ ಚೀಲ:
ಆಯಿತು ಬಿಡಿ, ಒಪ್ಪಿದೆ. ನನ್ನ ಕಷ್ಟ ಬೇರೆ. ಖರೀದಿ ಕೇಂದ್ರದಲ್ಲಿ ತೊಗರಿಗೆ ತೇವಾಂಶ 12 ಪರ್ಸೆಂಟ್ ಮೀರಬಾರದು. ಹಿಂದೆ ಒಂದು ಸಲ ನಮ್ಮದು 13 ಬಂತು. ಅಲ್ಲಿದ್ದವನು ಮಷೀನ್ ನೋಡಿ "ಮೀರಿದೆ, ಒಣಗಿಸಿ ತನ್ನಿ" ಅಂದ. ಅವನ ದನಿಯಲ್ಲಿ ನಾನೇ ಏನೋ ಕಳ್ಳತನ ಮಾಡಿದ ಹಾಗೆ ಇತ್ತು. ಮುಂಜಾನೆ ಮಂಜು ಬಿದ್ದದ್ದು, ಅದಕ್ಕೆ ನಾನೇನು ಮಾಡಲಿ? ಚೀಲ ಮತ್ತೆ ಟ್ರ್ಯಾಕ್ಟರ್‌ಗೆ ಏರಿಸಿ, ಅಂಗಳದಲ್ಲಿ ಹರವಿ, ಎರಡು ದಿನ ಕಾಲಿಂದ ಆಡಿಸಿ ಆಡಿಸಿ ಒಣಗಿಸಿದೆ. ‘ಜಾಸ್ತಿ ಇದೆ’ ಅಂದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಭೀಮಾ ದಂಡೆ:
ನೋಡಿ, ಅದೇ. ಜಾಸ್ತಿ ಅಂದರೆ ತೊಗರಿಯ ಮೇಲೆ, ಮೀರಿದೆ ಅಂದರೆ ನಿಮ್ಮ ಮೇಲೆ.

ಖಡಕ್ ರೊಟ್ಟಿ:
ಅಡಿಗೆ ಮನೆಯಲ್ಲಿ ಮಾತ್ರ ಇದಕ್ಕೆ ಜಾಗ ಕಡಿಮೆ. ಉಪ್ಪು ಮುಂದಾಯಿತು ಅಂತೇವೆ, ರೊಟ್ಟಿ ಹಿಟ್ಟಿನ ಹದ ತಪ್ಪಿತು ಅಂತೇವೆ, ಹಾಲು ಉಕ್ಕಿತು. ಯಾವುದೂ ಮೀರಲ್ಲ. ಒಂದೇ ಒಂದು ನೆನಪಾಗುತ್ತಿದೆ. ಶೇಂಗಾ ಉಂಡಿಗೆ ಅವ್ವ ಬೆಲ್ಲದ ಪಾಕ ಇಟ್ಟರೆ ಒಂದು ಬಟ್ಟಲಲ್ಲಿ ತಣ್ಣೀರು ಪಕ್ಕದಲ್ಲೇ. ಒಂದು ಹನಿ ಹಾಕಿ ಬೆರಳಿಂದ ಉಂಡೆ ಕಟ್ಟುತ್ತದಾ ನೋಡುತ್ತಾಳೆ. ಫೋನ್ ಬಂದು ಎರಡು ನಿಮಿಷ ಆಚೆ ಹೋಗಿ ಬಂದರೆ ಹನಿ ನೀರಲ್ಲಿ ಟಣ್ ಅಂತ ಸದ್ದು ಮಾಡುತ್ತದೆ. "ಪಾಕ ಮೀರ್ತವ್ವಾ" ಅಂತಾಳೆ. ಬೈಯೋದು ಪಾಕಕ್ಕಲ್ಲ, ಫೋನ್ ಮಾಡಿದವರಿಗೆ.

ಗುರುಮಠಕಲ್ ಹುಡುಗ:
ಫ್ಲೆಕ್ಸ್ ಏನಾಯಿತು ಅಣ್ಣಾ? ರವಿವಾರ ಮುಗಿಯಿತಲ್ಲ.

ಚಿತ್ತಾಪುರದವ:
ಹೇಳುತ್ತೇನೆ ತಡಿ. ಹೊಸದು ಮಾಡಿಸಲಿಲ್ಲ, ಕಂಜೂಸ್ ಅನ್ನಿ ಪರವಾಗಿಲ್ಲ. ಅಂಗಡಿಯವನಿಗೆ ಹೇಳಿ ಅದೇ ಬಣ್ಣದಲ್ಲಿ ಒಂದು ‘ಸಿ’ ಸ್ಟಿಕ್ಕರ್ ಮಾಡಿಸಿದೆ. ‘ರಿ’ಗೂ ‘ದ’ಗೂ ನಡುವೆ ಜಾಗ ಸಾಲಲಿಲ್ಲ, ಸ್ವಲ್ಪ ಮೇಲಕ್ಕೆ ಏರಿಸಿ ಹಚ್ಚಿದೆವು. ದೂರದಿಂದ ನೋಡಿದರೆ ಸರಿಯಾಗೇ ಕಾಣುತ್ತಿತ್ತು. ಕಾಕಾ ಬಂದು ನೋಡಿ ತಲೆಯಾಡಿಸಿದರು.

ಕಾರ್ಯಕ್ರಮ ಶುರುವಾಯಿತು. ಸೆಕೆ ಅಂತ ವೇದಿಕೆಗೆ ದೊಡ್ಡ ಫ್ಯಾನ್ ಇಟ್ಟಿದ್ದರು, ಅದರ ಗಾಳಿಗೆ ಫ್ಲೆಕ್ಸ್ ಪಟಪಟ. ಆ ಹುಡುಗನಿಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ‘ಸಿ’ ಕಿತ್ತುಕೊಂಡು ಮಾಸ್ತರರ ಕಾಲ ಹತ್ತಿರ ಬಿತ್ತು. ಮುಂದಿನ ಸಾಲಿನವರೆಲ್ಲ ಓದಿದರು. ನನ್ನ ಎದೆ ಧಸಕ್ ಅಂತು. ಮಾಸ್ತರು ಹಿಂದೆ ತಿರುಗಿ ಮೇಲೆ ನೋಡಿದರು, ಕೆಳಗೆ ನೋಡಿದರು, ಕನ್ನಡಕ ಸರಿ ಮಾಡಿಕೊಂಡರು. ಆ ಹುಡುಗ ಶಾಲು ಹಾರ ಹಾಕಿಕೊಂಡೇ ಬಗ್ಗಿ ‘ಸಿ’ ಎತ್ತಿಕೊಂಡ, ಕುರ್ಚಿ ಎಳೆದು ಮೇಲೆ ಹತ್ತಿ ಹಚ್ಚತೊಡಗಿದ. ಮಾಸ್ತರು ಕೈಯಲ್ಲಿ ಮೈಕ್ ಹಿಡಿದಿದ್ದರು, ಬಂದ್ ಮಾಡೋದು ಮರೆತಿದ್ದರು.

"ಸೊಟ್ಟ ಆಗ್ಯದಲ್ಲೋ. ಇನ್ನಷ್ಟು ಎಡಕ್ಕ. ಹಾಂ, ಅಲ್ಲೇ ಒತ್ತು."